ಮೊಣಕೈಗೆ ಹಾಕಿದ ಹಸಿರು ದಾರ

ಗಿಲ್ಬರಿ, ಪೆನ್ಸಿಲ್ವೇನಿಯಾ
13 ಡಿಸೆಂಬರ್ 1921, ಮಂಗಳವಾರ, ಇಸ್ತ್ರಿ ಮುಗಿದ ಮೇಲೆ

ಮಗಳೇ ಮೈರ್,

ನಾವಿಲ್ಲಿ ಎಲ್ಲರೂ ಉಸಿರಾಡಿಕೊಂಡಿದ್ದೇವೆ. ನೀನೂ ಫಿಲಡೆಲ್ಫಿಯಾದ ಆ ದೊಡ್ಡಾಸ್ಪತ್ರೆಯಲ್ಲಿ ಬೇರೆಯವರ ಜ್ವರ ನೋಡುವ ಭರದಲ್ಲಿ ನಿನ್ನ ಊಟ ಮರೆಯುತ್ತಿಲ್ಲವೆಂದು ನಂಬಿದ್ದೇನೆ.

ನಿನ್ನ ಕಾಗದ ಬಂತು. ಕುಶಲಪ್ರಶ್ನೆ ಒಂದೂವರೆ ಸಾಲು, ಬೈಗುಳ ಎರಡು ಪುಟ. ಜೊತೆಗೆ ಪತ್ರಿಕೆಯ ಚೂರು: 'ಗಿಲ್ಬರಿಯ ಐವರ್ ಪ್ರಾಸರ್ ಚಿರತೆಯಂತೆ ಹಾರಿ ಕಲ್ಲಿದ್ದಲು ಸೀಮೆಯ ಕಿರೀಟ ಗೆದ್ದುಕೊಟ್ಟ.' ಅದರ ಅಂಚಿನಲ್ಲಿ ನೀನು ಕೆಂಪು ಪೆನ್ಸಿಲ್ಲಿನಲ್ಲಿ ಬರೆದಿದ್ದೀಯೆ: 'ಮೂರು ತಿಂಗಳು ಮಡಿಸಬಾರದೆಂದು ನಾನು ಹೇಳಿದ್ದ ಮೊಣಕಾಲು ಹಾರಿದ್ದು ಹೇಗೆ? ನೀನು ಬಿಟ್ಟೆಯಾ?' ನಿನ್ನ ತಮ್ಮನ ಮೇಲೆ ನಿನಗಿರುವ ಪ್ರೀತಿ ನನಗೆ ಗೊತ್ತು. ನನ್ನ ಮೇಲಿರುವ ಅನುಮಾನವೂ ಗೊತ್ತು. ಮೊದಲು ಲೆಕ್ಕ ಒಪ್ಪಿಸುತ್ತೇನೆ, ಆಮೇಲೆ ತಪ್ಪು ಒಪ್ಪಿಸುತ್ತೇನೆ.

ಈ ಚಾಂಪಿಯನ್ ಪಟ್ಟಕ್ಕೆ ಆದ ಒಟ್ಟು ಖರ್ಚು ಇಷ್ಟು. ಪಂದ್ಯ ಹದಿಮೂರು. ಮುರಿದ ಹೆಗಲ ಮೂಳೆ ಎರಡು. ಹಲ್ಲು ಒಂಬತ್ತು, ಅದರಲ್ಲಿ ಒಂದು ಮೊದಲೇ ಅಲುಗಾಡುತ್ತಿತ್ತು, ಆದ್ದರಿಂದ ಎಂಟೂವರೆ ಎಂದು ಬರೆದುಕೋ. ಮೊಣಕಾಲು ಒಂದು. ಬಟ್ಟೆ ಸೋಪು ಮೂವತ್ತೊಂದು ಪೌಂಡು, ಆಲೂಗಡ್ಡೆ ಹದಿನೆಂಟು ಮೂಟೆ, ಎರಡೂ ನನ್ನ ಮನೆಯಿಂದ. ಚರ್ಚಿನಲ್ಲಿ ಮುಂದಿನ ಸಾಲಿನ ನನ್ನ ಜಾಗ. ಭಾನುವಾರ ಚೆಂಡಾಡುವವರ ಬಟ್ಟೆ ಒಗೆಯುತ್ತೇನೆಂದು ಅದೂ ಹೋಯಿತು. ಕೊಳೆಯಾಗುವುದು ಭಾನುವಾರ, ನಾನು ಒಗೆಯುವುದು ಸೋಮವಾರ ಎಂದು ಹಿರಿಯರಿಗೆ ಹೇಳಿ ನೋಡಿದೆ. ಅವರಿಗೆ ಲೆಕ್ಕ ಹತ್ತಲಿಲ್ಲ. ಕೊನೆಯದಾಗಿ, ಹೆಸರು ಒಂದು. ಅದನ್ನು ಕಳೆದವಳು ನಾನೇ.

ಡ್ರಮ್‌ಹೆಲರ್ ನಿನಗೆ ಗೊತ್ತೇ ಇದೆ. ಅಂಗಡಿಯ ಮುಂಬಾಗಿಲಲ್ಲಿ ಮಂಚ, ಹಿಂಬಾಗಿಲಲ್ಲಿ ಶವಪೆಟ್ಟಿಗೆ. ನಮ್ಮ ಮದುವೆಯ ಮಂಚ ಅವನಪ್ಪ ಕೊಟ್ಟದ್ದು, ನಿಮ್ಮಪ್ಪ ಗಣಿಯಿಂದ ಮೇಲೆ ಬಂದ ದಿನ ಪೆಟ್ಟಿಗೆ ಇವನು ಕೊಟ್ಟದ್ದು. ಮೊದಲೆಲ್ಲ ಗಿಲ್ಬರಿಯ ಫುಟ್‌ಬಾಲ್ ತಂಡವೆಂದರೆ ಗಣಿಯ ಹುಡುಗರು, ಆಟ ಮುಗಿದ ಮೇಲೆ ಟೋಪಿ ತಿರುಗಿಸಿ ಚಿಲ್ಲರೆ ಎತ್ತುತ್ತಿದ್ದರು. ಈ ವರ್ಷ ಡ್ರಮ್‌ಹೆಲರ್ ತಂಡದ ಯಜಮಾನಿಕೆ ವಹಿಸಿಕೊಂಡು ಮೈದಾನಕ್ಕೆ ಬೇಲಿ ಕಟ್ಟಿಸಿದ, ಐವತ್ತು ಸೆಂಟು ಟಿಕೆಟ್ ಇಟ್ಟ, ಆಟಗಾರರಿಗೆ ಪಂದ್ಯಕ್ಕಿಷ್ಟೆಂದು ಸಂಬಳ ಗೊತ್ತು ಮಾಡಿದ. ಹೊರಗಿನಿಂದ ಮೂವರನ್ನು ತಂದು ನನ್ನ ಮನೆಯಲ್ಲಿ ಊಟ-ವಸತಿಗೆ ಇಳಿಸಿದ. ಅವರಲ್ಲಿ ಕಾಜಿಸ್ ಎಂಬ ಲಿಥುವೇನಿಯದವನು ಬಾಗಿಲಲ್ಲಿ ನಿಂತರೆ ಬಾಗಿಲು ಹಾಕುವ ಅಗತ್ಯವಿಲ್ಲ. ಮನಸ್ಸು ಮಾತ್ರ ಬೆಣ್ಣೆ.

ಅಕ್ಟೋಬರಿನಲ್ಲಿ ಐವರನ ಮೊಣಕಾಲು ತಿರುಚಿತು, ನೀನು ಬಂದು ನೋಡಿ ಹೋದೆ. ನೀನು ರೈಲು ಹತ್ತಿದ ಮಧ್ಯಾಹ್ನವೇ ನಾನು ನಿಮ್ಮಪ್ಪನ ವೆಲ್ಶ್ ಬೈಬಲ್ ತಂದು ಅವನ ಮುಂದಿಟ್ಟೆ. ಈ ವರ್ಷ ಇನ್ನು ಮೈದಾನಕ್ಕೆ ಕಾಲಿಡುವುದಿಲ್ಲ ಎಂದು ಕೈಯಿಟ್ಟು ಹೇಳಿದ. ಅವನ ಜರ್ಸಿಯ ಎಡ ಮೊಣಕೈ ಹರಿದಿತ್ತು. ಕೆಂಗಂದು ಬಣ್ಣದ ಉಣ್ಣೆ ಮುಗಿದಿದ್ದರಿಂದ ಹಸಿರು ದಾರದಲ್ಲೇ ಹೊಲಿದು, ಒಗೆದು, ಮಡಿಸಿ ಪೆಟ್ಟಿಗೆಯೊಳಗೆ ಇಟ್ಟೆ. ಈ ಹಸಿರು ದಾರ ನೆನಪಿರಲಿ.

ಆಮೇಲೆ ತಂಡ ಗೆಲ್ಲುತ್ತಲೇ ಹೋಯಿತು. ಐವರ್ ಹೊರಗೆ ನಿಂತು ನೀರಿನ ಬಕೆಟ್ ಹಿಡಿಯುತ್ತಿದ್ದ. ನವೆಂಬರ್ ಕೊನೆಗೆ ಉಳಿದದ್ದು ನಾವು ಮತ್ತು ಮೌಂಟ್ ಡೇವನ್. ಚಾಂಪಿಯನ್ ಎಂದು ಹಾರ ಹಾಕುವವರು ಇಲ್ಲಿ ಯಾರೂ ಇಲ್ಲ. ಕೊನೆಗೆ ಗೆದ್ದವರು ತಾವೇ ಚಾಂಪಿಯನ್ ಎಂದು ಕೂಗುತ್ತಾರೆ, ಪತ್ರಿಕೆಯವರು ಹೌದು ಅನ್ನುತ್ತಾರೆ, ಅಷ್ಟೇ ಪಟ್ಟಾಭಿಷೇಕ. ಡಿಸೆಂಬರ್ ನಾಲ್ಕರ ಭಾನುವಾರ ಆಟ ಎಂದು ಗೊತ್ತಾಯಿತು.

ಅದರ ಹಿಂದಿನ ಬುಧವಾರ ಡ್ರಮ್‌ಹೆಲರ್ ನನ್ನ ಅಡುಗೆಮನೆಗೆ ಬಂದ. ಟೋಪಿಯನ್ನು ಎದೆಗೆ ಒತ್ತಿಕೊಂಡು ನಿಂತ. ಆ ಭಂಗಿಯಲ್ಲಿ ಅವನನ್ನು ಕಂಡರೆ ಈ ಊರಿನ ಹೆಂಗಸರಿಗೆ ಎದೆ ಒಡೆಯುತ್ತದೆ.

"ಯಾರೂ ಸತ್ತಿಲ್ಲ ಮಿಸೆಸ್ ಪ್ರಾಸರ್. ನನಗೊಂದು ಹೆಸರು ಬೇಕಿತ್ತು" ಅಂದ.

"ನಿಮ್ಮ ಅಂಗಡೀಲಿ ಗೋರಿಗಲ್ಲಿನ ಮೇಲೆ ಕೆತ್ತಿಸಿಟ್ಟಿರೋವು ಬೇಕಾದಷ್ಟಿವೆಯಲ್ಲ" ಅಂದೆ.

ವಿಷಯ ಇಷ್ಟು. ಒಬ್ಬ ಕಾಲೇಜು ಹುಡುಗ ಸಿಕ್ಕಿದ್ದಾನೆ. ಶನಿವಾರ ಕಾಲೇಜಿಗೆ ಬಿಟ್ಟಿ ಆಡುತ್ತಾನೆ, ಭಾನುವಾರ ಎಪ್ಪತ್ತೈದು ಡಾಲರಿಗೆ ನಮಗೆ ಆಡುತ್ತಾನೆ. ಅವನ ಹೆಸರು ಪತ್ರಿಕೆಯಲ್ಲಿ ಬಂದರೆ ಕಾಲೇಜಿನವರು ಓಡಿಸುತ್ತಾರೆ. ಇದೇನು ಹೊಸದಲ್ಲ, ಪ್ರತಿ ಊರಲ್ಲೂ ಭಾನುವಾರ ಒಬ್ಬ ಸ್ಮಿತ್ ಇಲ್ಲವೇ ಜೋನ್ಸ್ ಆಕಾಶದಿಂದ ಇಳಿದು ಆಡಿ ಹೋಗುತ್ತಾನೆ. ಆದರೆ ಈ ಸಲ ಎರಡು ಊರಿನವರೂ ಒಪ್ಪಂದ ಮಾಡಿಕೊಂಡಿದ್ದರು: ನವೆಂಬರ್ ಇಪ್ಪತ್ತರ ಪಟ್ಟಿಯಲ್ಲಿ ಇರುವವರು ಮಾತ್ರ ಆಡಬೇಕು. ಹಾಗಾಗಿ ಸ್ಮಿತ್ ಇಳಿಯುವಂತಿಲ್ಲ. ಪಟ್ಟಿಯಲ್ಲಿದ್ದು, ಆಡಲಾಗದೆ, ಆ ಹುಡುಗನಷ್ಟೇ ಎತ್ತರ ಇದ್ದವನು ಒಬ್ಬನೇ.

"ಹೆಸರಿನ ಬಾಡಿಗೆ ಹದಿನೈದು ಡಾಲರ್ ಕೊಡ್ತೀನಿ."

"ದುಡ್ಡು ಬೇಡ. ಗಣಿಯೊಳಕ್ಕೆ ಜನರನ್ನ ಇಳಿಸೋ ತೊಟ್ಟಿಲನ್ನ ಮೇಲಿಂದ ಏರಿಳಿಸೋ ಇಂಜಿನ್ ಮನೇಲಿ ಒಂದು ಜಾಗ ಖಾಲಿ ಆಗುತ್ತಂತೆ. ಜನವರಿಯಿಂದ ಐವರನಿಗೆ ಕೊಡಿಸಿ."

"ಅದು ನನ್ನ ಕೈಲಿಲ್ವಲ್ಲ."

"ನಿಮ್ಮ ಹೆಂಡತಿ ತಮ್ಮನ ಕೈಲಿದೆ. ತಮ್ಮ ಅಕ್ಕನ ಕೈಲಿದಾನೆ. ಅಕ್ಕ ಯಾರ ಕೈಲಿದಾಳೆ ಅಂತ ನೀವೇ ಹೇಳಬೇಕು."

"ನಾನೇ ಅವಳ ಕೈಲಿದೀನಿ" ಎಂದು ನಿಟ್ಟುಸಿರು ಬಿಟ್ಟ. ಆದರೂ ಒಪ್ಪಿಕೊಂಡ.

ಮೈರ್, ನನ್ನನ್ನು ಏನು ಬೇಕಾದರೂ ಅನ್ನು. ಆದರೆ ಇಪ್ಪತ್ತೈದು ವರ್ಷದಿಂದ, ಮೊದಲು ಗಂಡನಿಗೆ, ಆಮೇಲೆ ಮಗನಿಗೆ, ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟು ಸಂಜೆ ಹೆಜ್ಜೆ ಸದ್ದಿಗೆ ಕಿವಿಗೊಡುವವಳು ನಾನು. ನೆಲದ ಮೇಲಿನ ಕೆಲಸ. ಬೆಲೆ ಒಂದು ಭಾನುವಾರದ ಮಟ್ಟಿಗೆ ಒಂದು ಹೆಸರು. ಇಷ್ಟು ಅಗ್ಗಕ್ಕೆ ನಾನು ಏನನ್ನೂ ಕೊಂಡಿಲ್ಲ ಎಂದುಕೊಂಡೆ.

ಕೆಲಸದ ಮಾತು ಐವರನಿಗೆ ಹೇಳಬೇಡಿ, ಪಟ್ಟಿಯ ಮಾತು ಮಾತ್ರ ಹೇಳಿ ಎಂದು ಡ್ರಮ್‌ಹೆಲರನಿಗೆ ತಾಕೀತು ಮಾಡಿದೆ. ಅವನು ಹಾಗೆಯೇ ಹೇಳಿದ. ಐವರ್, "ಆಗಲಿ, ಹೆಸರೇನು ಸವೆಯುತ್ತಾ" ಅಂದ. ಆಮೇಲೆ ಹಿತ್ತಲಿಗೆ ಹೋಗಿ, ಆಗಲೇ ಸೀಳಿಟ್ಟಿದ್ದ ಸೌದೆಯನ್ನೇ ಮತ್ತೆ ಸೀಳಿದ.

ಶನಿವಾರ ಸಂಜೆ ಕಾಲೇಜು ಹುಡುಗ ಬಂದ. ಜೋಳದ ಕೂದಲಿನ ಬಣ್ಣದ ತಲೆ. ನಮ್ಮ ಗಂಡಸರ ಮುಖದಲ್ಲಿ ಗಾಯದೊಳಗೆ ಕಲ್ಲಿದ್ದಲ ಪುಡಿ ಕೂತು ಉಳಿದ ನೀಲಿ ಗೀರು ಎಣಿಸಬಹುದು, ಇವನ ಕೆನ್ನೆಯಲ್ಲಿ ಬೇಕೆಂದರೂ ಒಂದು ಕಲೆಯಿಲ್ಲ. ಬಂದವನೇ ಕ್ಷೌರದಂಗಡಿಗೆ ಹೋಗಿ ಗಡ್ಡ ಹೆರೆಸಿಕೊಂಡು ಬಂದ. ಆ ತಪ್ಪು ಯಾರಿಗೂ ಆಗ ಹೊಳೆಯಲಿಲ್ಲ. ಊಟಕ್ಕೆ ಕೂತಾಗ ಕಾಜಿಸ್, "ಐವರ್, ಉಪ್ಪು ಕೊಡು" ಅಂದ. ಎರಡು ಕೈ ಒಟ್ಟಿಗೆ ಉಪ್ಪಿನ ಬಟ್ಟಲಿಗೆ ಹೋದವು. ಮೇಜಿನವರೆಲ್ಲ ನಕ್ಕರು. ಹುಡುಗ ಕೆಂಪಗಾಗಿ ಕೈ ಹಿಂದೆ ತೆಗೆದುಕೊಂಡು ನಿನ್ನ ತಮ್ಮನಿಗೆ, "ಕ್ಷಮಿಸಿ, ಅದು ನಿಮ್ಮದು" ಅಂದ. ಐವರ್ ಉಪ್ಪನ್ನು ಅವನ ಕಡೆಗೇ ಸರಿಸಿದ. ಹುಡುಗ ಒಳ್ಳೆಯವನೇ. ಬೆಳಿಗ್ಗೆ ಹಾಸಿಗೆ ತಾನೇ ಮಡಿಸಿಟ್ಟಿದ್ದ.

ಭಾನುವಾರ ಒಂದೂವರೆಗೆ ಶುರುವಾಗಬೇಕಿದ್ದ ಆಟ ಎರಡು ನಲವತ್ತಕ್ಕೆ ಶುರುವಾಯಿತು, ಮೌಂಟ್ ಡೇವನ್ನಿನವರ ರೈಲು ತಡ. ನಾನು ಎರಡು ಗಂಟೆಗೆ ಕರಿ ಟೋಪಿ ಹಾಕಿಕೊಂಡು, ಬೈಬಲ್ ಹಿಡಿದು, ಎಂದಿನಂತೆ ಚರ್ಚಿನ ಭಾನುವಾರದ ಪಾಠಕ್ಕೆ ಹೊರಟೆ. ಆಟದ ವಿಷಯ ಏನೇನು ಹೇಳುತ್ತೇನೋ ಅದನ್ನು ಬೇರೆಯವರ ಬಾಯಿಯಿಂದ ಕೇಳಿದ್ದೆಂದು ತಿಳಿದುಕೋ.

ಸಂಜೆ ನಾಲ್ಕೂವರೆಯ ಹೊತ್ತಿಗೆ, ಭಾನುವಾರವಾದರೂ, ಯಾರೋ ಗಣಿಯ ಸೀಟಿ ಊದಿದರು. ಆರಕ್ಕೆ ಮೂರು. ಗಿಲ್ಬರಿ ಚಾಂಪಿಯನ್. ಐವರ್ ಕುಂಟುತ್ತಾ ಮನೆಗೆ ಬಂದ. ಬೆಳಿಗ್ಗೆಗಿಂತ ಹೆಚ್ಚು ಕುಂಟುತ್ತಿದ್ದ.

"ಏನಾಯ್ತೋ?"

"ಮೆಟ್ಟಿಲಲ್ಲಿ ಜಾರಿದೆ ಅಮ್ಮ."

"ಯಾವ ಮೆಟ್ಟಿಲು?"

"ಹಿತ್ತಲದ್ದು."

"ಹಿತ್ತಲಲ್ಲಿ ಇರೋದೇ ಒಂದು ಮೆಟ್ಟಿಲು."

"ಅದರಲ್ಲೇ."

ಮುಖ ಮಾತ್ರ ಸೋಪು ಹಾಕಿ ಉಜ್ಜಿಕೊಂಡು ಬಂದಿದ್ದ, ಕಿವಿಯ ಹಿಂದೆ ಕಪ್ಪು ಹಾಗೆಯೇ ಇತ್ತು. ಬಕೆಟ್ ಹಿಡಿದವನ ಕಿವಿಯ ಹಿಂದೆ ಅಷ್ಟು ಕಪ್ಪು ಹೇಗೆ ಬರುತ್ತದೆ? ನಾನು ಕೇಳಲಿಲ್ಲ. ಹಬೆಯಾಡುವ ಬಟ್ಟೆ ಸುತ್ತಿಕೊಟ್ಟೆ. ಅವನು ನನ್ನ ಗಂಟಲು ಯಾಕೆ ಕಟ್ಟಿದೆ ಎಂದು ಕೇಳಿದ. ಸ್ತೋತ್ರ ಎರಡು ಹೆಚ್ಚು ಹಾಡಿಸಿದರು ಎಂದೆ. ಜೇನು ಬೆರೆಸಿದ ಬಿಸಿನೀರು ತಂದುಕೊಟ್ಟ.

ಸೋಮವಾರ ಒಗೆಯುವ ದಿನ. ಹದಿನೈದು ಜರ್ಸಿ ಎಣಿಸಿಕೊಳ್ಳಬೇಕಾದಲ್ಲಿ ಹದಿನಾರು ಬಂದವು. ಕಾಲೇಜು ಹುಡುಗನಿಗೆಂದು ಡ್ರಮ್‌ಹೆಲರ್ ತಂದಿದ್ದ ಹೊಸದು ಮೇಲೇ ಇತ್ತು, ಅರ್ಧ ಆಟದ ಕೆಸರು. ಬುಟ್ಟಿಯ ತಳದಲ್ಲಿ, ಟವೆಲಿನೊಳಗೆ ಸುರುಳಿ ಸುತ್ತಿ, ನನ್ನ ಕಣ್ಣಿಗೆ ಬೀಳದ ಹಾಗೆ ತುರುಕಿದ್ದ ಇನ್ನೊಂದು. ಒಗೆಯುವವಳ ಕಣ್ಣಿಗೆ ಬೀಳದ ಹಾಗೆ ಒಗೆಯುವ ಬುಟ್ಟಿಯಲ್ಲಿ ಬಚ್ಚಿಡುವುದು ಗಂಡಸರಿಗೆ ಮಾತ್ರ ಬರುವ ಬುದ್ಧಿ. ಬಿಚ್ಚಿ ನೋಡಿದೆ. ಎದೆಯಿಂದ ಕೆಳಗೆ ಕರಿ ಕೆಸರು ಕಟ್ಟಿ ಹಲಗೆಯಾಗಿತ್ತು. ಎಡ ಮೊಣಕೈ ಮತ್ತೆ ಹರಿದಿತ್ತು. ಹರಿದ ಬಾಯಿಯ ಅಂಚಿನಲ್ಲಿ ಹಸಿರು ದಾರ.

ಅವತ್ತು ಮಧ್ಯಾಹ್ನ ಒಣದ್ರಾಕ್ಷಿ ಪುಡಿಂಗ್ ಮಾಡಿದೆ. ಕಾಜಿಸನ ತಟ್ಟೆಗೆ ಒಂದು ತುಂಡು ಹಾಕಿ, ಉಳಿದದ್ದನ್ನು ನನ್ನ ಕೈಲೇ ಇಟ್ಟುಕೊಂಡು ಎದುರು ಕೂತೆ.

"ಮೊದಲರ್ಧ ಆದ ಮೇಲೆ ಏನಾಯ್ತು ಕಾಜಿಸ್?"

"ಏನಿಲ್ಲಮ್ಮ, ಎರಡನೇ ಅರ್ಧ ಆಯ್ತು."

ಪುಡಿಂಗ್ ಪಾತ್ರೆಗೆ ಮುಚ್ಚಳ ಹಾಕಿದೆ. ಅವನ ಕಣ್ಣು ಮುಚ್ಚಳದ ಮೇಲೆಯೇ ಇತ್ತು. ಮೂರನೇ ತುಂಡಿನ ಹೊತ್ತಿಗೆ ಕಥೆ ಪೂರ್ತಿ ಹೊರಗೆ ಬಂತು.

ಆಟ ತಡವಾದದ್ದೇ ಎಲ್ಲಕ್ಕೂ ಮೂಲ. ಭಾನುವಾರದ ಕೊನೆಯ ರೈಲು ನಾಲ್ಕು ಐದಕ್ಕೆ. ಸೋಮವಾರ ಬೆಳಿಗ್ಗೆ ಕಾಲೇಜಿನಲ್ಲಿ ಹಾಜರಿ ಕೂಗುವಾಗ ಹುಡುಗ ಇರಲೇಬೇಕು. ಮೊದಲರ್ಧ ಮುಗಿದು ಎಲ್ಲರೂ ಗಣಿಯ ಸ್ನಾನದ ಕೋಣೆಗೆ ಬಂದಾಗ ಮೂರೂವರೆ ದಾಟಿತ್ತು. ಹುಡುಗ ಚೆಂಡು ಕಂಕುಳಲ್ಲಿಟ್ಟು ಜಿಂಕೆಯ ಹಾಗೆ ಓಡಿದ್ದ, ಆದರೆ ಗೋಲುಗೆರೆ ದಾಟಿರಲಿಲ್ಲ. ಮೌಂಟ್ ಡೇವನ್ ಮೂರು, ನಾವು ಸೊನ್ನೆ. ಹುಡುಗ ಜರ್ಸಿ ಕಳಚಿ ಎಸೆದು, ಕೋಟು ತಲೆಯ ಮೇಲೆ ಎಳೆದುಕೊಂಡು, ಬೂಟಿನ ದಾರ ಕಟ್ಟದೆ, ಹಿಂದಿನ ಬಾಗಿಲಿನಿಂದ ನಿಲ್ದಾಣಕ್ಕೆ ಓಡಿದ. ಡ್ರಮ್‌ಹೆಲರ್ ಗೋಡೆಗೆ ಒರಗಿ, "ಬದಲಿಯವರೆಲ್ಲ ಪೆಟ್ಟು ತಿಂದು ಕೂತಿದಾರೆ. ಪ್ರಾಸರ್ ಎಲ್ಲಿ ಅಂತ ಅವರು ಕೇಳಿದ್ರೆ ಏನು ಹೇಳ್ಲಿ?" ಎಂದು ಕಣ್ಣು ಮುಚ್ಚಿಕೊಂಡನಂತೆ.

ಕಾಜಿಸ್ ಮೂಲೆ ತೋರಿಸಿ, "ಪ್ರಾಸರ್ ಅಲ್ಲೇ ನಿಂತಿದಾನಲ್ಲ" ಅಂದನಂತೆ.

ಮೂಲೆಯಲ್ಲಿ ನಿನ್ನ ತಮ್ಮ, ಬಕೆಟ್ ಹಿಡಿದು. ಕೋಟಿನ ಒಳಗೆ ಜರ್ಸಿ ತೊಟ್ಟುಕೊಂಡೇ ಬಂದಿದ್ದ. ಪೆಟ್ಟಿಗೆಯಿಂದ ಯಾವಾಗ ತೆಗೆದನೋ, ಯಾಕೆ ತೊಟ್ಟನೋ, ಆ ಪ್ರಶ್ನೆಯನ್ನು ಇವತ್ತಿನವರೆಗೂ ಯಾರೂ ಕೇಳಿಲ್ಲ.

ನಮ್ಮ ಮೈದಾನ ಗೊತ್ತಲ್ಲ, ಹುಲ್ಲು ಬೆಳೆಯದೆ ಗಣಿಯ ಕರಿ ಕಸವನ್ನೇ ಹರಡಿರುವುದು. ಮಳೆ ಬಿದ್ದರೆ ಇಪ್ಪತ್ತೆರಡು ಜನರೂ ಒಂದೇ ಬಣ್ಣ. ಕಾಜಿಸ್ ಬಕೆಟಿನಲ್ಲಿ ಎರಡು ಹಿಡಿ ಕೆಸರು ಕಲಸಿ ಐವರನ ಮುಖಕ್ಕೆ, ತಲೆಗೆ ಮೆತ್ತಿದ. "ಹೆತ್ತ ತಾಯಿಗೂ ಗುರುತು ಸಿಗ್ತಿರಲಿಲ್ಲ ಅಮ್ಮ" ಎಂದು ನನ್ನೆದುರೇ ಹೆಮ್ಮೆಪಟ್ಟುಕೊಂಡ. ಐವರ್ ಒಂದೇ ಮಾತು ಅಂದನಂತೆ: "ಅಮ್ಮನಿಗೆ ತಿಳೀಬಾರದು." ಡ್ರಮ್‌ಹೆಲರ್ ಸೇರಿ ಹದಿನೈದು ಗಂಡಸರು ಬೈಬಲ್ ಇಲ್ಲದೆ ಪ್ರಮಾಣ ಮಾಡಿದರು.

ಇನ್ನು ಆ ಚಿರತೆಯ ವಿಷಯ. ಅವನು ಹಾರಲಿಲ್ಲ, ಮೈರ್. ಓಡಲೂ ಇಲ್ಲ, ಆ ಕಾಲಿನಲ್ಲಿ ಓಡುವುದೆಲ್ಲಿ ಬಂತು. ಇಡೀ ಅರ್ಧ ಗೋಡೆಯಂತೆ ನಿಂತು ಬಂದವರನ್ನು ತಡೆದ. ಆಟ ಮುಗಿಯಲು ನಾಲ್ಕು ನಿಮಿಷವಿದ್ದಾಗ ಮೌಂಟ್ ಡೇವನ್ನಿನವರು ತಮ್ಮ ಗೋಲುಗೆರೆಯ ಹತ್ತಿರದಿಂದ ಚೆಂಡನ್ನು ದೂರ ಒದೆಯಲು ಹೋದರು. ಕಾಜಿಸನ ಎದೆ ಅಡ್ಡ ಬಂತು. ಚೆಂಡು ಅವನ ಎದೆಗೆ ಬಡಿದು ಹಿಂದಕ್ಕೆ ಪುಟಿದು ಗೆರೆಯಾಚೆ ಉರುಳಿತು. ಎಲ್ಲರೂ ಅದರ ಹಿಂದೆ ಓಡಿದರು. ಓಡಲಾರದ ನಿನ್ನ ತಮ್ಮ, ಅದು ಎಲ್ಲಿಗೆ ಬಂದು ನಿಲ್ಲುತ್ತದೆಂದು ನೋಡಿ ಅಲ್ಲಿ ಬಿದ್ದ. ಅಷ್ಟೇ. ಅವನ ಮೇಲೆ ಒಂಬತ್ತು ಜನ ಬಿದ್ದರು. ಎಲ್ಲರನ್ನೂ ಎತ್ತಿ ಹಾಕಿದ ಮೇಲೆ ತಳದಲ್ಲಿ ಅವನು, ಅವನ ಹೊಟ್ಟೆಯ ಕೆಳಗೆ ಚೆಂಡು. ಗೆರೆಯಾಚೆ ಚೆಂಡು ಹಿಡಿದದ್ದಕ್ಕೆ ಆರು ಪಾಯಿಂಟು.

ಇಲ್ಲಿಗೆ ಮುಗಿದಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಆದರೆ ಆ ಕ್ಷೌರಿಕ. ಶನಿವಾರ ತಾನು ಹೆರೆದ ಗಡ್ಡದಲ್ಲಿ ಒಂದೂ ನೀಲಿ ಗೀರಿರಲಿಲ್ಲ, ಮಾರನೆಯ ದಿನ ಅದೇ ಮುಖ ಪ್ರಾಸರ್ ಎಂಬ ಹೆಸರಿನಲ್ಲಿ ಮೈದಾನಕ್ಕೆ ಇಳಿಯಿತು ಎಂದು ಊರಿಗೆಲ್ಲ ಹಂಚಿದ. ಮೊದಲರ್ಧದವನೇ ಎರಡನೆಯ ಅರ್ಧದಲ್ಲೂ ಎಂದು ಅವನ ಲೆಕ್ಕ. ಬುಧವಾರ ನಾನು ಮಾಂಸದಂಗಡಿಗೆ ಹೋದಾಗ ಕಟುಕ ಮೂಳೆ ಕಟ್ಟಿಕೊಡುತ್ತಾ, "ನಿಮ್ಮ ಮಗನ ಹೆಸರು ಬಹಳ ಚೆನ್ನಾಗಿ ಆಡ್ತಂತೆ ಮಿಸೆಸ್ ಪ್ರಾಸರ್" ಅಂದ. ಹಿಂದೆ ನಿಂತ ಇಬ್ಬರು ನಕ್ಕರು. ಕ್ಷೌರದಂಗಡಿಯಲ್ಲಿ ಐವರನಿಗೆ, "ಬಕೆಟ್ ಭಾರ ಇತ್ತೇನಪ್ಪ ಚಾಂಪಿಯನ್?" ಎಂದು ಕೇಳಿದರಂತೆ. "ತುಂಬಿದಾಗ ಇತ್ತು" ಅಂದನಂತೆ, ಅಷ್ಟೇ. ನಿಜ ಹೇಳಿದರೆ ಅದು ನನ್ನ ಕಿವಿಗೆ ಬೀಳುತ್ತದೆ, ಪ್ರಮಾಣ ಮುರಿದದ್ದು ನನಗೆ ತಿಳಿಯುತ್ತದೆ ಎಂದು ಊರಿನ ನಗೆಯನ್ನೆಲ್ಲ ತಲೆ ತಗ್ಗಿಸಿ ನುಂಗುತ್ತಿದ್ದ. ನನಗೋ ಎಲ್ಲ ತಿಳಿದಿತ್ತು. ಅವನ ಪ್ರಮಾಣದ ಮಾತೆತ್ತಿದರೆ ನಾನು ಹೆಸರು ಮಾರಿದ ಮಾತು ಏಳುತ್ತದೆಂದು ನಾನೂ ಸುಮ್ಮನಿದ್ದೆ. ಒಂದೇ ಮೇಜಿನಲ್ಲಿ ಕೂತು ಐದು ದಿನ ಹವೆಯ ಬಗ್ಗೆ ಮಾತಾಡಿದೆವು.

ಶನಿವಾರ ನನ್ನ ಮನೆಯಲ್ಲೇ ತಂಡದ ಊಟ. ಆಟಗಾರರು, ಡ್ರಮ್‌ಹೆಲರ್, ಮೈದಾನದ ಗೆರೆ ಎಳೆಯುವವನೆಂದು ಆ ಕ್ಷೌರಿಕನೂ. ಕುರಿಮಾಂಸ, ಕೋಸು, ಆಲೂಗಡ್ಡೆ. ಊಟದ ನಡುವೆ ಡ್ರಮ್‌ಹೆಲರ್ ಎದ್ದು ಒಬ್ಬೊಬ್ಬರ ಹೆಸರು ಕರೆದು, ಗಡಿಯಾರದ ಸರಪಳಿಗೆ ತೂಗುಹಾಕುವ ಚಿನ್ನದ ಪುಟ್ಟ ಚೆಂಡು ಕೊಟ್ಟ. ಪಟ್ಟಿಯಲ್ಲಿ 'ಐವರ್ ಪ್ರಾಸರ್' ಬಂದಾಗ ತೊದಲಿ, ನನ್ನ ಮುಖ ನೋಡಿ, ಆ ಚೆಂಡನ್ನು ತನ್ನ ಜೇಬಿಗೆ ಇಳಿಸಿದ. "ಇದನ್ನ... ಟಪಾಲಿನಲ್ಲಿ ಕಳಿಸಬೇಕು" ಅಂದ. ನನಗೆ ತಿಳಿಸುವುದಿಲ್ಲವೆಂದು ಪ್ರಮಾಣ ಮಾಡಿದ್ದನಲ್ಲ, ಬೇರೆ ದಾರಿ ಇರಲಿಲ್ಲ ಪಾಪ.

ಕ್ಷೌರಿಕ ಬಾಯಿ ಒರೆಸಿಕೊಂಡು, "ಹೆಸರಿಗೆ ಚಿನ್ನ, ಹುಡುಗನಿಗೆ ಬಕೆಟ್" ಅಂದ.

ಯಾರೂ ನಗಲಿಲ್ಲ. ಐವರ್ ತಟ್ಟೆಯಲ್ಲಿದ್ದ ಮಾಂಸವನ್ನು ಸಣ್ಣಗೆ, ಇನ್ನೂ ಸಣ್ಣಗೆ ಕೊಯ್ಯುತ್ತಿದ್ದ. ಆ ಚಾಕುವಿನ ಸದ್ದು ನನ್ನನ್ನು ಎಬ್ಬಿಸಿತು. ಒಳಗೆ ಹೋಗಿ, ಒಗೆದು ಇಸ್ತ್ರಿ ಮಾಡಿಟ್ಟಿದ್ದ ಜರ್ಸಿ ತಂದು ಅವನ ತಟ್ಟೆಯ ಪಕ್ಕ ಇಟ್ಟೆ. ಮೊಣಕೈ ಮೇಲೆ ಬರುವ ಹಾಗೆ.

"ಭಾನುವಾರ ಎರಡನೇ ಅರ್ಧದಲ್ಲಿ ಯಾರ ಮೈಮೇಲಿತ್ತೋ ಅವರು ತಗೊಳ್ಳಿ. ಹರಿದಿತ್ತು, ಮತ್ತೆ ಹೊಲಿದಿದೀನಿ. ಹಸಿರು ದಾರವೇ ಹಾಕಿದೀನಿ, ಗುರುತಿಗೆ" ಅಂದೆ.

ಕ್ಷೌರಿಕ ಮೊಣಕೈ ನೋಡಿದ, ಐವರನನ್ನು ನೋಡಿದ, ಐವರನ ಕುಂಟುಕಾಲು ನೋಡಿದ. ಕಾಜಿಸ್ ಎದ್ದು ನಿಂತು, ನಾನು ಹೇಳಿಲ್ಲ ಎಂದು ಎಲ್ಲರಿಗೂ ಕೈಯಾಡಿಸಿದ. ಅವನನ್ನು ನೋಡಿದರೆ ಹೇಳಿದವನು ಅವನೇ ಎಂದು ಮಗುವಿಗೂ ತಿಳಿಯುತ್ತಿತ್ತು.

ಡ್ರಮ್‌ಹೆಲರ್ ಮೆಲ್ಲಗೆ, "ಮೌಂಟ್ ಡೇವನ್ನಿನವರಿಗೆ ಗೊತ್ತಾದ್ರೆ ಗತಿಯೇನು ಮಿಸೆಸ್ ಪ್ರಾಸರ್?" ಅಂದ.

"ಲೆಕ್ಕ ಹಾಕಿ. ಪಟ್ಟೀಲಿ ಇಲ್ಲದವನು ಆಡಿದಾಗ ನಮಗೆ ಬಂದದ್ದು ಸೊನ್ನೆ. ಪಟ್ಟೀಲಿ ಇದ್ದವನು ಆಡಿದಾಗ ಆರು. ಅವರು ಜಗಳಕ್ಕೆ ಬಂದ್ರೆ ಸೊನ್ನೆಯನ್ನ ವಾಪಸ್ ಕೊಡಿ. ಆ ಚೆಂಡು ಇಲ್ಲೇ ಕೊಟ್ಟು ಟಪಾಲು ಖರ್ಚು ಉಳಿಸ್ಕೊಳ್ಳಿ."

ಡ್ರಮ್‌ಹೆಲರ್ ಜೇಬಿನಿಂದ ಚೆಂಡು ತೆಗೆದು ಎರಡು ಕೈಯಿಂದ ಕೊಟ್ಟ. ಕ್ಷೌರಿಕನೇ ಮೊದಲು ಎದ್ದು ಐವರನ ಕೈ ಕುಲುಕಿದ, ಅದನ್ನೂ ಹೇಳಬೇಕು. ಒಂದು ತಿಂಗಳು ಅವನಿಗೆ ಕ್ಷೌರ ಬಿಟ್ಟಿ ಅಂದ. "ಕಿವಿ ಹಿಂದೆ ಸೇರಿಸಿ" ಎಂದೆ.

ಎಲ್ಲರೂ ಹೋದ ಮೇಲೆ ನಾನು ತಟ್ಟೆ ತೊಳೆದೆ, ಅವನು ಒರೆಸಿದ.

"ಬೈಬಲ್ ಮುಟ್ಟಿದ್ದೆ ಅಮ್ಮ."

"ಮುಟ್ಟಿದ್ದೆ. ಕಾಲಿಡಲ್ಲ ಅಂದಿದ್ದೆ."

"ಸರಿಯಿದ್ದದ್ದು ಒಂದೇ ಕಾಲು. ಅದನ್ನ ಇಟ್ಟೆ."

ಇಬ್ಬರೂ ಸ್ವಲ್ಪ ನಕ್ಕೆವು. ಆಗ ಹೇಳಿಬಿಟ್ಟೆ: ಪಟ್ಟಿಯ ನೆಪ ಡ್ರಮ್‌ಹೆಲರನದು, ವ್ಯಾಪಾರ ನನ್ನದು, ಇಂಜಿನ್ ಮನೆಯ ಕೆಲಸಕ್ಕೆ ನಿನ್ನ ಹೆಸರು ಕೊಟ್ಟೆ ಎಂದು.

"ಗೊತ್ತಿತ್ತು. ಗುರುವಾರವೇ ಡ್ರಮ್‌ಹೆಲರ್ ಹೆಂಡತಿ ಬೀದೀಲಿ ನಿಲ್ಲಿಸಿ, ಕೆಲಸಕ್ಕೆ ಶುಭವಾಗಲಿ ಅಂದ್ಳು" ಎಂದ. ಎರಡು ತಟ್ಟೆ ಒರೆಸಿದ. "ನನ್ನ ಕೇಳಬಹುದಿತ್ತಲ್ಲ ಅಮ್ಮ."

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ. ಆದ್ರೂ ಕೇಳಬಹುದಿತ್ತು."

ತೊಳೆದಾಗಿದ್ದ ತಟ್ಟೆಯನ್ನೇ ಮತ್ತೆ ನೀರಿಗೆ ಅದ್ದಿ ತೊಳೆದೆ. ಅವನು ಕೊನೆಯ ತಟ್ಟೆ ಕಪಾಟಿನಲ್ಲಿಟ್ಟು, ಜನವರಿ ಎರಡರಿಂದ ಇಂಜಿನ್ ಮನೆಗೆ ಹೋಗುತ್ತೇನೆ, ಈ ಕಾಲಿಗೆ ಗಣಿಯೊಳಗೆ ಇನ್ನು ಜಾಗವಿಲ್ಲ ಎಂದ. ಹೋಗುವಾಗ ನನ್ನ ಹೆಗಲಿಗೆ ಒರೆಸುವ ಬಟ್ಟೆ ಹಾಕಿ ಹೋದ. ಕ್ಷಮಿಸಿದನೋ, ಕೆಲಸ ಮುಗಿಯಿತೆಂದನೋ ಗೊತ್ತಿಲ್ಲ. ಎರಡೂ ಇರಬಹುದು.

ಕ್ರಿಸ್‌ಮಸ್ಸಿಗೆ ಬಾ. ಬಂದು ಆ ಮೊಣಕಾಲು ನೋಡು. ಬೈಯುವುದಿದ್ದರೆ ನನ್ನನ್ನು ಬೈ, ಅವನನ್ನು ಬೇಡ.

ಯಾರಿಗೆ ಏನು ಬಂತು ಎಂಬ ಲೆಕ್ಕ ಕೊಟ್ಟು ಮುಗಿಸುತ್ತೇನೆ. ಗಿಲ್ಬರಿಗೆ ಚಾಂಪಿಯನ್ ಪಟ್ಟ, ಮುಂದಿನ ಸೆಪ್ಟೆಂಬರಿನವರೆಗೆ. ಮೌಂಟ್ ಡೇವನ್ನಿಗೆ ರೈಲು ತಡವಾಯಿತೆಂಬ ನೆಪ. ಡ್ರಮ್‌ಹೆಲರನಿಗೆ ಮಂಚಗಳ ನಡುವೆ ಗಾಜಿನ ಪೆಟ್ಟಿಗೆಯಲ್ಲಿಡಲು ಒಂದು ಕೆಸರು ಚೆಂಡು. ಕಾಲೇಜು ಹುಡುಗನಿಗೆ ಎಪ್ಪತ್ತೈದು ಡಾಲರು ಮತ್ತು ಸೋಮವಾರದ ಹಾಜರಿ. ಕಾಜಿಸನಿಗೆ ಮೂರು ತುಂಡು ಪುಡಿಂಗ್. ಐವರನಿಗೆ ಚಿನ್ನದ ಚೆಂಡು, ನೆಲದ ಮೇಲಿನ ಕೆಲಸ, ಮಳೆ ಬಂದಾಗಲೆಲ್ಲ ನೋಯುವ ಕಾಲು, ಮತ್ತು ಅವನ ಹೆಸರು, ಕೊಟ್ಟಾಗ ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚು ತೂಕದ್ದು. ನನಗೆ ಸಂಜೆ ಹೆಜ್ಜೆ ಸದ್ದಿಗೆ ಕಿವಿಗೊಡದೆ ಆಲೂಗಡ್ಡೆ ಸುಲಿಯುವ ನೆಮ್ಮದಿ, ಜೊತೆಗೆ 'ಕೇಳಬಹುದಿತ್ತು' ಎಂಬ ಒಂದು ಮಾತು.

ನಿನ್ನ ಹಾದಿ ನೋಡುತ್ತಿರುವ ಅಮ್ಮ,
ಗ್ವೆನ್ಲಿಯನ್ ಪ್ರಾಸರ್

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಆ ಭಾನುವಾರ ಚರ್ಚಿಗೆ ಹೊರಟೆ ಎಂದು ಬರೆದೆ, ತಲುಪಿದೆ ಎಂದು ಬರೆಯಲಿಲ್ಲ. ತಿರುವಿನಲ್ಲಿ ಬ್ಯಾಂಡಿನ ಸದ್ದು ಕೇಳಿ ಕಾಲು ಇನ್ನೊಂದು ದಾರಿ ಹಿಡಿಯಿತು. ಮೈದಾನದ ಹಿಂದಿನ ಗಣಿಕಸದ ಗುಡ್ಡದ ಮೇಲೆ, ಟಿಕೆಟ್ ಕೊಳ್ಳದ ಲಿಥುವೇನಿಯದ ಹೆಂಗಸರ ನಡುವೆ, ಕರಿ ಟೋಪಿ ಹಾಕಿಕೊಂಡು ನಿಂತೆ. ನಮ್ಮ ಹೆಸರನ್ನು ಆ ಹುಡುಗ ಹೇಗೆ ಹೊರುತ್ತಾನೆ ನೋಡೋಣ ಎಂದು. ಚೆನ್ನಾಗಿಯೇ ಹೊತ್ತ. ಆದರೆ ಬೇರೆಯವರ ಹಗ್ಗದ ಮೇಲೆ ಬೇರೆಯವರ ಬಟ್ಟೆ ನೋಡಿದ ಹಾಗೆ, ನನಗೆ ಏನೂ ಅನ್ನಿಸಲಿಲ್ಲ. ಎರಡನೆಯ ಅರ್ಧಕ್ಕೆ ಹನ್ನೊಂದು ಕರಿ ಗೊಂಬೆಗಳು ಹೊರಗೆ ಬಂದವು. ಅದರಲ್ಲಿ ಒಂದು, ಎಡಗೈಯನ್ನು ಸೊಂಟಕ್ಕೆ ಕೊಟ್ಟು ನಿಂತಿತು. ನಾಲ್ಕು ವರ್ಷದವನಾಗಿದ್ದಾಗ, ಜಾಮ್ ತಿಂದವರು ಯಾರು ಎಂದು ಕೇಳಿದರೆ ಅವನು ನಿಲ್ಲುತ್ತಿದ್ದದ್ದು ಹೀಗೆಯೇ. ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ ಎಂದನಲ್ಲ ಕಾಜಿಸ್! ನಾನು ಕೆಳಗಿಳಿದು ಬೇಲಿಯ ಹತ್ತಿರ ಒಂದು ಮಾತು ಅಂದಿದ್ದರೆ ಅವನು ಹೊರಗೆ ಬರುತ್ತಿದ್ದ, ಕಾಲೂ ಉಳಿಯುತ್ತಿತ್ತು. ಇಳಿಯಲಿಲ್ಲ. ನೀನು ಬಿಟ್ಟೆಯಾ ಎಂದು ಕೇಳಿದ್ದೆಯಲ್ಲ, ಹೌದು, ಬಿಟ್ಟೆ. ಊರೆಲ್ಲ 'ಐವರ್ ಪ್ರಾಸರ್' ಎಂದು ಕೂಗುತ್ತಿತ್ತು, ನಾನೂ ಗಂಟಲು ಕಟ್ಟುವವರೆಗೆ ಕೂಗಿದೆ. ಅಷ್ಟು ಜನರಲ್ಲಿ ಯಾರನ್ನು ಕೂಗುತ್ತಿದ್ದೇನೆಂದು ತಿಳಿದು ಕೂಗಿದವಳು ನಾನೊಬ್ಬಳೇ. ಪಕ್ಕದ ಹೆಂಗಸು, ನಿಮ್ಮವನಾ ಎಂದು ಸನ್ನೆಯಲ್ಲಿ ಕೇಳಿದಳು. ನನ್ನವನೇ ಎಂದೆ.

ನನಗೆ ಹಲ್ಲುನೋವಿತ್ತೆಂದು ಚರ್ಚಿನ ಹಿರಿಯರಿಗೆ ಹೇಳಿದ್ದೇನೆ. ಐವರನಿಗೆ ಹೇಳಬೇಡ. ನನ್ನ ಲೆಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿಕೋ: ಟಿಕೆಟ್ ಐವತ್ತು ಸೆಂಟು, ಉಳಿತಾಯ.